ಪಿಟೀಲು ಕಲಿತ ಮಗಳು ಕಲಾ ಮ್ಯಾಗ್ನೆಟ್ ಶಾಲೆಗೆ ಹೋಗಬಹುದಾ?

ಪ್ರಶ್ನೆ: ನಾವು ಮೈಸೂರಿನವರು. ಡಲ್ಲಾಸ್ ಕಡೆಗೆ ಬಂದು ಎರಡು ವರ್ಷವಾಯಿತು. ಪ್ಲೇನೋದಲ್ಲಿ ಬಾಡಿಗೆ ಮನೆ. ಮಗಳು ಏಳನೇ ಕ್ಲಾಸು. ಆರು ವರ್ಷದಿಂದ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದಾಳೆ. ವರ್ಣ ಮುಗಿಸಿ ಕೀರ್ತನೆಗೆ ಬಂದಿದ್ದಾಳೆ. ಈಗ ಡಲ್ಲಾಸ್‌ನ ಬುಕರ್ ಟಿ. ವಾಷಿಂಗ್ಟನ್ ಕಲಾ ಹೈಸ್ಕೂಲಿಗೇ ಹೋಗಬೇಕು ಅಂತ ಹಟ ಹಿಡಿದಿದ್ದಾಳೆ. ಅದು ಮ್ಯಾಗ್ನೆಟ್ ಸ್ಕೂಲಂತೆ, ಸರ್ಕಾರದ್ದಂತೆ, ಫೀಸಿಲ್ಲವಂತೆ. ಕಲೆಯ ಶಾಲೆಗೆ ಹೋದರೆ ಗಣಿತ, ವಿಜ್ಞಾನ ಹಾಳಾಗುತ್ತದೆ ಅನ್ನುವುದು ನಮ್ಮ ಯಜಮಾನರ ಮಾತು. ಕರ್ನಾಟಕ ಸಂಗೀತ ಮಾತ್ರ ಗೊತ್ತಿರುವ ಹುಡುಗಿಗೆ ಅಲ್ಲಿ ಸೀಟು ಸಿಗುತ್ತದಾ? ಸೇರಿಸಬಹುದಾ?

ಉತ್ತರ: ಸೇರಿಸಬಹುದು. ಓದು ಹಾಳಾಗುವುದಿಲ್ಲ. ಪಿಟೀಲಿನ ವಿಷಯಕ್ಕೆ ಒಂದೂವರೆ ವರ್ಷದ ತಯಾರಿ ಬೇಕು, ಅದಕ್ಕೆ ನಿಮಗೆ ಸಮಯವೂ ಇದೆ. ಆದರೆ ಇದೆಲ್ಲಕ್ಕಿಂತ ಮೊದಲು ಬರುವ ಒಂದು ಪ್ರಶ್ನೆಯನ್ನು ನೀವು ಕೇಳಿಲ್ಲ. ನಿಮ್ಮ ಮನೆ ಪ್ಲೇನೋದಲ್ಲಿದೆ. ಶಾಲೆ ಡಲ್ಲಾಸ್‌ನದು. ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಆ ಶಾಲೆ ಹುಟ್ಟಿದ ಕಥೆ ತಿಳಿಯದೆ ಈ ಮನೆ ವಿಳಾಸದ ವಿಷಯ ಅರ್ಥವಾಗುವುದಿಲ್ಲ.

ನಾನು ಟೆಕ್ಸಸ್‌ನ ಸರ್ಕಾರಿ ಶಾಲೆಗಳಲ್ಲಿ ಬಹಳ ವರ್ಷ ಆರ್ಕೆಸ್ಟ್ರಾ ಪಾಠ ಮಾಡಿದವಳು. ಮನೆಯಲ್ಲಿ ನಮ್ಮ ಶೈಲಿಯ ಪಿಟೀಲನ್ನೂ ಹೇಳಿಕೊಡುತ್ತೇನೆ. ನಿಮ್ಮ ಮಗಳಂಥ ಮಕ್ಕಳನ್ನು ಆಡಿಷನ್ನಿಗೆ ಕಳಿಸಿದ್ದೇನೆ. ಕೆಲವರಿಗೆ ಸೀಟು ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ.

ಇಲ್ಲಿ ಸಾಮಾನ್ಯವಾಗಿ ಮನೆ ಯಾವ ಬೀದಿಯಲ್ಲಿದೆಯೋ ಅದರ ಮೇಲೆ ಸರ್ಕಾರಿ ಶಾಲೆ ನಿರ್ಧಾರವಾಗುತ್ತದೆ. ಮ್ಯಾಗ್ನೆಟ್ ಶಾಲೆ ಹಾಗಲ್ಲ. ಇಡೀ ಊರಿನ ಯಾವ ಮೂಲೆಯ ಮಗುವಾದರೂ ಅರ್ಜಿ ಹಾಕಬಹುದು. ಒಂದು ವಿಷಯವನ್ನು ಹಿಡಿದು, ಅದರ ಆಸೆಯಿಂದ ಮಕ್ಕಳನ್ನು ಸೂಜಿಗಲ್ಲಿನ ಹಾಗೆ ಸೆಳೆಯುವ ಶಾಲೆ. ನಮ್ಮ ನವೋದಯ ಶಾಲೆ ನಿಮಗೆ ಗೊತ್ತಲ್ಲ, ಇಡೀ ಜಿಲ್ಲೆಯಿಂದ ಪರೀಕ್ಷೆ ಬರೆಸಿ ಮಕ್ಕಳನ್ನು ಆರಿಸುತ್ತಾರೆ. ಹೆಚ್ಚುಕಡಿಮೆ ಅದೇ ಥರ. ಹಾಸ್ಟೆಲ್ ಇಲ್ಲ, ಪರೀಕ್ಷೆಯ ಜಾಗದಲ್ಲಿ ಆಡಿಷನ್ ಇದೆ.

ಆದರೆ ಈ ಶಾಲೆಗಳು ಪ್ರತಿಭೆ ಹುಡುಕುವುದಕ್ಕೆ ಅಂತ ಹುಟ್ಟಿದ್ದಲ್ಲ. ಕರಿಯರಿಗೊಂದು, ಬಿಳಿಯರಿಗೊಂದು ಶಾಲೆ ಇರುವುದು ಸಂವಿಧಾನಕ್ಕೆ ವಿರುದ್ಧ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ತೀರ್ಪು ಬಂತು, ಶಾಲೆಗಳು ಬದಲಾಗಲಿಲ್ಲ. ಬಲವಂತವಾಗಿ ಬಸ್ಸಿನಲ್ಲಿ ಮಕ್ಕಳನ್ನು ಬೇರೆ ಬಡಾವಣೆಗೆ ಕಳಿಸಿದರೆ ಬಿಳಿಯ ಪೋಷಕರು ಊರನ್ನೇ ಬಿಟ್ಟು ಹೋಗುತ್ತಿದ್ದರು. ಆಗ ಹೊಳೆದ ದಾರಿ ಇದು. ಯಾರನ್ನೂ ತಳ್ಳುವುದು ಬೇಡ, ಎಲ್ಲರೂ ತಾವಾಗಿಯೇ ಬರಬೇಕು ಅನ್ನಿಸುವಂಥ ಶಾಲೆ ಮಾಡೋಣ. 1968ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಇಂಥ ಮೊದಲ ಪ್ರಯತ್ನ ನಡೆಯಿತು. ಮುಂದಿನ ಹತ್ತು ವರ್ಷದಲ್ಲಿ ಊರೂರಿಗೂ ಹಬ್ಬಿತು.

ಡಲ್ಲಾಸ್‌ನಲ್ಲಿ ಸ್ಯಾಮ್ ಟ್ಯಾಸ್ಬಿ ಎಂಬ ಕರಿಯ ತಂದೆ 1970ರಲ್ಲಿ ಕೋರ್ಟಿಗೆ ಹೋದರು. 1976ರಲ್ಲಿ ಕೋರ್ಟಿನ ಆದೇಶದ ಭಾಗವಾಗಿ ಊರಿನಲ್ಲಿ ಮ್ಯಾಗ್ನೆಟ್ ಹೈಸ್ಕೂಲುಗಳು ಶುರುವಾದವು. ಅದರಲ್ಲಿ ಒಂದು, ನಿಮ್ಮ ಮಗಳು ಕನಸು ಕಾಣುತ್ತಿರುವ ಶಾಲೆ. ಆ ಪ್ರಕರಣದ ಮೇಲೆ ಕೋರ್ಟಿನ ಉಸ್ತುವಾರಿ ಮುಗಿದದ್ದು 2003ರಲ್ಲಿ.

ಆ ಕಟ್ಟಡದ ವಿಷಯ ಹೇಳಲೇಬೇಕು. ಗುಲಾಮನಾಗಿ ಹುಟ್ಟಿ, ಮುಂದೆ ಟಸ್ಕೀಗಿ ವಿದ್ಯಾಸಂಸ್ಥೆ ಕಟ್ಟಿದ ಬುಕರ್ ಟಿ. ವಾಷಿಂಗ್ಟನ್ ಅವರ ಹೆಸರಿನಲ್ಲಿ ಅದು 1922ರಲ್ಲಿ ತೆರೆಯಿತು. ಬಹಳ ವರ್ಷ ಡಲ್ಲಾಸ್‌ನ ಕರಿಯ ಮಕ್ಕಳಿಗೆ ಇದ್ದ ಒಂದೇ ಹೈಸ್ಕೂಲು ಅದು. ಮನೆ ಪಕ್ಕದಲ್ಲೇ ಬಿಳಿಯರ ಶಾಲೆ ಇದ್ದರೂ ಅದರ ಬಾಗಿಲು ಅವರಿಗೆ ಮುಚ್ಚಿತ್ತು. ಊರಿನ ಎಲ್ಲ ಕಡೆಯಿಂದ ಬಂದು ಈ ಒಂದೇ ಕಟ್ಟಡದಲ್ಲಿ ತುಂಬಿಕೊಳ್ಳುತ್ತಿದ್ದರು. ಎರಡನೆಯ ಶಾಲೆ ಬಂದದ್ದು 1939ರಲ್ಲಿ. ಬೇಸ್‌ಬಾಲ್‌ನ ದೊಡ್ಡ ಆಟಗಾರ ಅರ್ನಿ ಬ್ಯಾಂಕ್ಸ್ ಓದಿದ್ದು ಇಲ್ಲಿಯೇ. ಯಾರನ್ನು ಬೇರೆಡೆ ಸೇರಿಸಲಿಲ್ಲವೋ ಅವರು ಓದಿದ ಕಟ್ಟಡಕ್ಕೆ ಈಗ ಎಲ್ಲರೂ ಸೇರಬೇಕು ಅಂತ ಸಾಲು ನಿಲ್ಲುತ್ತಾರೆ. ಹಳೆಯ ಕಟ್ಟಡವನ್ನು ಉಳಿಸಿಕೊಂಡು 2008ರಲ್ಲಿ ಅದಕ್ಕೆ ಹೊಸ ಕಟ್ಟಡ ಸೇರಿಸಿದರು. ನೀವು ಹೋದಾಗ ಹಳೆಯ ಇಟ್ಟಿಗೆ ಗೋಡೆಯ ಮುಂದೆ ಒಂದು ನಿಮಿಷ ನಿಂತು ಮಗಳಿಗೆ ಇದನ್ನು ಹೇಳಿ.

ಈಗ ಮನೆ ವಿಳಾಸಕ್ಕೆ ಬರೋಣ. ಇದು ಡಲ್ಲಾಸ್ ಶಾಲಾ ಜಿಲ್ಲೆ (ಅಂದರೆ ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ತನ್ನ ಊರಿನ ಮಕ್ಕಳಿಗಾಗಿ ಕಟ್ಟಿದ್ದು, ಅದಕ್ಕೆ ಇಂಥದ್ದೊಂದು ಹಿನ್ನೆಲೆ ಇದೆ. ಆದ್ದರಿಂದ ಅಲ್ಲಿ ವಾಸವಿರುವ ಮಕ್ಕಳಿಗೆ ಮೊದಲ ಆದ್ಯತೆ. ಪ್ಲೇನೋ, ಫ್ರಿಸ್ಕೋ, ಕೊಪ್ಪೆಲ್, ಅರ್ವಿಂಗ್ ಎಲ್ಲ ಬೇರೆ ಬೇರೆ ಶಾಲಾ ಜಿಲ್ಲೆಗಳು. ನಮ್ಮ ಕನ್ನಡದವರು ಜಾಸ್ತಿ ಇರುವುದೇ ಈ ಊರುಗಳಲ್ಲಿ. ಜನರ ಬಾಯಲ್ಲಿ ಎಲ್ಲವೂ ‘ಡಲ್ಲಾಸ್’, ಶಾಲೆಯ ಲೆಕ್ಕದಲ್ಲಿ ಅಲ್ಲ. ಹೊರಗಿನವರ ಅರ್ಜಿಗೆ ಈ ವರ್ಷ ಏನು ನಿಯಮ ಅಂತ ಡಲ್ಲಾಸ್ ಶಾಲಾ ಜಿಲ್ಲೆಯ ಕಚೇರಿಗೇ ಫೋನ್ ಮಾಡಿ ಕೇಳಿ. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಪರಿಚಯದವರ ಮಾತು ನಂಬಿ ಕೂರಬೇಡಿ.

ನೀವು ಇನ್ನೂ ಬಾಡಿಗೆ ಮನೆಯಲ್ಲಿದ್ದೀರಿ. ಮಗಳ ಮನಸ್ಸು ಗಟ್ಟಿಯಾಗಿದ್ದರೆ, ಕೆಲಸಕ್ಕೆ ಹೋಗಿಬರಲು ತೊಂದರೆ ಇಲ್ಲದಿದ್ದರೆ, ಡಲ್ಲಾಸ್ ಜಿಲ್ಲೆಯೊಳಗೆ ಮನೆ ನೋಡುವುದು ಒಂದು ನೇರ ದಾರಿ. ಸ್ನೇಹಿತರ ಮನೆ ವಿಳಾಸ ಕೊಟ್ಟು ಅರ್ಜಿ ಹಾಕುವ ಸಲಹೆ ಯಾರಾದರೂ ಕೊಡಬಹುದು. ದಯವಿಟ್ಟು ಬೇಡ. ಟೆಕ್ಸಸ್‌ನಲ್ಲಿ ಅದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಶಾಲೆಯ ಖರ್ಚನ್ನೂ ವಸೂಲಿ ಮಾಡಬಹುದು. ಅದಕ್ಕಿಂತ ಹೆಚ್ಚಾಗಿ, ಆ ಊರಿನ ಇನ್ನೊಂದು ಮಗುವಿನ ಜಾಗ ಅದು. ವೀಸಾ ಬಗ್ಗೆ ನೀವು ಏನೂ ಬರೆದಿಲ್ಲ. ಮಗಳು ಎಚ್-4ನಲ್ಲಿದ್ದರೆ (ಕೆಲಸದ ವೀಸಾದವರ ಮನೆಯವರಿಗೆ ಕೊಡುವ ವೀಸಾ) ಚಿಂತೆ ಬೇಡ, ಅದರಿಂದ ಸರ್ಕಾರಿ ಶಾಲೆಗೆ ಅಡ್ಡಿಯಿಲ್ಲ. ಫೀಸೂ ಇಲ್ಲ. ವಾದ್ಯ, ಬಟ್ಟೆ, ಓಡಾಟದ ಖರ್ಚು ಇದ್ದೇ ಇರುತ್ತದೆ.

ಯಜಮಾನರ ಚಿಂತೆ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ‘ಓದಿನಲ್ಲಿ ಅಷ್ಟಕ್ಕಷ್ಟೇ, ಅದಕ್ಕೇ ಆರ್ಟ್ಸ್‌ಗೆ ಹಾಕಿದೆವು’ ಅನ್ನುವ ಮಾತು ಕೇಳುತ್ತಲೇ ಬೆಳೆದಿದ್ದೇವೆ. ಇಲ್ಲಿನ ಕಲಾ ಮ್ಯಾಗ್ನೆಟ್ ಶಾಲೆ ಓದು ಬಿಟ್ಟವರಿಗಲ್ಲ. ಎರಡು ಹೊರೆ ಹೊರಬಲ್ಲ ಮಕ್ಕಳಿಗೆ. ಟೆಕ್ಸಸ್‌ನಲ್ಲಿ ಹೈಸ್ಕೂಲು ಮುಗಿಸಲು ಯಾವ ಶಾಲೆಯಾದರೂ ಕನಿಷ್ಠ 22 ಕ್ರೆಡಿಟ್ ಬೇಕು. ಒಂದು ವಿಷಯವನ್ನು ಒಂದು ವರ್ಷ ಓದಿ ಪಾಸಾದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್. ಇಂಗ್ಲಿಷ್ 4, ಗಣಿತ 3, ವಿಜ್ಞಾನ 3, ಸಮಾಜ 3, ಹೀಗೆ. ಕಲೆಯ ಒಂದು ಕ್ರೆಡಿಟ್ ಪ್ರತಿಯೊಬ್ಬರಿಗೂ ಕಡ್ಡಾಯ, ಎಂಜಿನಿಯರ್ ಆಗುವವರಿಗೂ. ಎಂಡಾರ್ಸ್‌ಮೆಂಟ್, ಅಂದರೆ ಒಂದು ಕ್ಷೇತ್ರದಲ್ಲಿ ಹೆಚ್ಚಿನ ಓದು, ತೆಗೆದುಕೊಂಡರೆ ಒಟ್ಟು 26, ಗಣಿತ ಮತ್ತು ವಿಜ್ಞಾನ ತಲಾ 4. ಬುಕರ್ ಟಿ.ಯಲ್ಲೂ ಇದೇ ಲೆಕ್ಕ. ಕಾಲೇಜು ಮಟ್ಟದ ಎಪಿ ಕ್ಲಾಸುಗಳೂ ಇವೆ. ಇದರ ಮೇಲೆ ನೃತ್ಯ, ಸಂಗೀತ, ನಾಟಕ, ಚಿತ್ರ-ಶಿಲ್ಪ ಈ ನಾಲ್ಕರಲ್ಲಿ ಒಂದನ್ನು ಹಿಡಿದು ವರ್ಷವಿಡೀ ದುಡಿಯಬೇಕು. ಅಂದರೆ ಓದು ಕಡಿಮೆಯಾಗುವುದಿಲ್ಲ, ದಿನ ಉದ್ದವಾಗುತ್ತದೆ.

ಇನ್ನೊಂದು ವಿಷಯ ಅವರಿಗೆ ಹೇಳಿ, ಖುಷಿಪಡುತ್ತಾರೆ. 1984ರಿಂದ ಟೆಕ್ಸಸ್‌ನಲ್ಲಿ ಒಂದು ಕಾನೂನಿದೆ. ಜನ ಅದನ್ನು ‘ನೋ ಪಾಸ್, ನೋ ಪ್ಲೇ’ ಅಂತಾರೆ. ಯಾವುದಾದರೂ ವಿಷಯದಲ್ಲಿ ನೂರಕ್ಕೆ 70 ಬರದಿದ್ದರೆ ಫುಟ್‌ಬಾಲ್ ಆಗಲಿ, ಸಂಗೀತ ಸ್ಪರ್ಧೆ ಆಗಲಿ, ಸ್ವಲ್ಪ ದಿನ ಭಾಗವಹಿಸುವ ಹಾಗಿಲ್ಲ. ನನ್ನ ಆರ್ಕೆಸ್ಟ್ರಾದ ಮಕ್ಕಳು ಸ್ಪರ್ಧೆಯ ಹಿಂದಿನ ವಾರ ಬೀಜಗಣಿತದ ಪುಸ್ತಕ ಹಿಡಿದು ನನ್ನ ಕೋಣೆಯ ನೆಲದ ಮೇಲೆ ಕೂತಿರುತ್ತಿದ್ದರು. ಪಿಟೀಲಿನ ಪೆಟ್ಟಿಗೆಯೇ ಮೇಜು.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಬುಕರ್ ಟಿ. ಸುಮಾರು ಸಾವಿರ ಮಕ್ಕಳ ಶಾಲೆ. ನಿಮ್ಮ ಕಡೆಯ ದೊಡ್ಡ ಹೈಸ್ಕೂಲುಗಳಲ್ಲಿ ಮಕ್ಕಳೂ ಜಾಸ್ತಿ, ಕಂಪ್ಯೂಟರ್, ವಿಜ್ಞಾನದ ಕಡೆ ಆಯ್ಕೆಗಳೂ ಜಾಸ್ತಿ. ಮಗಳಿಗೆ ರೋಬಾಟಿಕ್ಸ್ ಕೂಡ ಅಷ್ಟೇ ಇಷ್ಟ ಇದ್ದರೆ ಇದನ್ನು ತೂಗಿ ನೋಡಬೇಕು.

ಇನ್ನು ಪಿಟೀಲು. ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು, ಸ್ವಲ್ಪ ಉದ್ದವಾದರೂ ಓದಿ.

ಬಹಳ ವರ್ಷದ ಹಿಂದೆ ನನ್ನ ಒಬ್ಬ ಶಿಷ್ಯೆಯನ್ನು ಒಂದು ಕಲಾಶಾಲೆಯ ಆಡಿಷನ್ನಿಗೆ ಕರೆದುಕೊಂಡು ಹೋಗಿದ್ದೆ. ಹುಡುಗಿ ಎರಡು ಕಾಲದಲ್ಲಿ ವರ್ಣ ನುಡಿಸಿದಳು. ಬಾಗಿಲ ಹೊರಗೆ ಕೂತು ಕೇಳುತ್ತಿದ್ದ ನನಗೇ ಮೈ ಜುಂ ಅಂದಿತು. ಆಮೇಲೆ ಒಳಗೆ ಮೌನ. ಮೌನ ಮುಂದುವರಿಯಿತು. ಎಂಟು ಸಾಲಿನ ಒಂದು ಹಾಳೆಯನ್ನು ಸ್ಟ್ಯಾಂಡಿನ ಮೇಲಿಟ್ಟು, ಅರ್ಧ ನಿಮಿಷ ನೋಡಿಕೊಂಡು ನುಡಿಸು ಅಂದಿದ್ದಾರೆ. ಅವಳಿಗೆ ಒಂದು ಸ್ವರವೂ ಓದಲು ಬರಲಿಲ್ಲ. ಹೊರಗೆ ಬಂದವಳು ನನ್ನ ಮುಖ ನೋಡಲಿಲ್ಲ. ಕಾರಿನಲ್ಲಿ ಕಮಾನಿನ ಕೂದಲನ್ನು ಬೆರಳಿನಲ್ಲಿ ಸವರುತ್ತಾ ಕೂತಿದ್ದಳು. ಆ ತಪ್ಪು ಅವಳದಲ್ಲ, ನನ್ನದು. ನಾನು ಅವಳಿಗೆ ಪಾಠಾಂತರವಾಗಿ ಕಲಿಸಿದ್ದೆ, ಕಿವಿಯಿಂದ ಬೆರಳಿಗೆ. ಅಲ್ಲಿ ಕಣ್ಣಿನಿಂದ ಬೆರಳಿಗೆ ಬೇಕಿತ್ತು. ಅದಾದ ಮೇಲೆ ಓದುವುದನ್ನು ಕಲಿಸದೆ ಒಂದು ಮಗುವನ್ನೂ ಕಳಿಸಿಲ್ಲ.

ಇಂಥ ಸಂಗೀತ ಆಡಿಷನ್ನಿನಲ್ಲಿ ಸಾಮಾನ್ಯವಾಗಿ ಮೂರು ಕೇಳುತ್ತಾರೆ. ತಯಾರಿ ಮಾಡಿಕೊಂಡು ಹೋದ ಒಂದು ಕೃತಿ, ಸ್ಕೇಲುಗಳು, ಮತ್ತು ನೋಡದೆ ಇದ್ದ ಹಾಳೆಯನ್ನು ಅಲ್ಲೇ ಓದಿ ನುಡಿಸುವುದು. ಜೊತೆಗೆ ಶಾಲೆಯ ಅಂಕಗಳನ್ನೂ ನೋಡುತ್ತಾರೆ. ಹಾಳೆ ಓದುವುದನ್ನು ಬಿಟ್ಟು, ನಿಮ್ಮ ಮಗಳು ಎಡವಬಹುದಾದ ಜಾಗ ಇನ್ನೂ ಮೂರಿವೆ.

ಮೊದಲನೆಯದು ಹಿಡಿತ. ಅವಳು ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿನ ಮೇಲೆ ಊರಿ ನುಡಿಸುತ್ತಾಳೆ. ವಾದ್ಯದ ಭಾರ ಕಾಲು ಹೊರುತ್ತದೆ, ಎಡಗೈ ಪೂರ್ತಿ ಬಿಡುವಾಗಿರುತ್ತದೆ. ಅದಕ್ಕೇ ತಂತಿಯ ಮೇಲೆ ಉದ್ದಕ್ಕೂ ಜಾರಬಹುದು, ಗಮಕ ಸಲೀಸು. ಇಲ್ಲಿ ಕುರ್ಚಿಯಲ್ಲಿ ಕೂತು ಅಥವಾ ನಿಂತು, ಗಲ್ಲ ಮತ್ತು ಭುಜದ ನಡುವೆ ಹಿಡಿಯಬೇಕು. ಮೊದಲ ಎರಡು ತಿಂಗಳು ಕುತ್ತಿಗೆ ನೋಯುತ್ತದೆ. ಕೈ ಕೂರುವುದಕ್ಕೆ ಆರು ತಿಂಗಳಾದರೂ ಬೇಕು.

ಎರಡನೆಯದು ಶ್ರುತಿ. ನಮ್ಮಲ್ಲಿ ದಪ್ಪ ತಂತಿಯಿಂದ ಸ, ಪ, ಸ, ಪ. ಸ ಇಂದ ಪ ಐದನೆಯ ಸ್ವರ, ಆದರೆ ಪ ಇಂದ ಮೇಲಿನ ಸ ನಾಲ್ಕನೆಯ ಸ್ವರ. ಇಲ್ಲಿ ಜಿ, ಡಿ, ಎ, ಇ. ಪ್ರತಿ ತಂತಿಯಿಂದ ಮುಂದಿನದಕ್ಕೆ ಐದನೆಯ ಸ್ವರವೇ. ಹಾಗಾಗಿ ಎರಡನೆಯ ತಂತಿಯಿಂದ ಮೂರನೆಯದಕ್ಕೆ ದಾಟುವಾಗ ಅವಳ ಬೆರಳಿಗೆ ಗೊತ್ತಿರುವ ಜಾಗ ತಪ್ಪುತ್ತದೆ. ಒಂದೇ ಪಿಟೀಲನ್ನು ದಿನಾ ಎರಡು ಶ್ರುತಿಗೆ ತಿರುಗಿಸುತ್ತಿದ್ದರೆ ತಂತಿಯೂ ಹಾಳು, ಕಿವಿಯೂ ಗೊಂದಲ. ಎರಡು ಪಿಟೀಲು ಇಡಿ. ಎರಡನೆಯದನ್ನು ಇಲ್ಲಿನ ವಾದ್ಯದಂಗಡಿಗಳಲ್ಲಿ ತಿಂಗಳ ಬಾಡಿಗೆಗೆ ಕೊಡುತ್ತಾರೆ.

ಮೂರನೆಯದು ಗಮಕ. ಶಂಕರಾಭರಣದ ಸ್ವರಗಳೂ ಇಲ್ಲಿನ ಮೇಜರ್ ಸ್ಕೇಲಿನ ಸ್ವರಗಳೂ ಒಂದೇ. ನಮ್ಮ ಕೈಯಲ್ಲಿ ಅವು ಅಲುಗಾಡುತ್ತವೆ, ಅವರ ಕೈಯಲ್ಲಿ ನೇರ ನಿಲ್ಲುತ್ತವೆ. ಆರ್ಕೆಸ್ಟ್ರಾದಲ್ಲಿ ಹತ್ತಾರು ಪಿಟೀಲು ಒಂದೇ ಸ್ವರ ಹಿಡಿಯಬೇಕಾದಾಗ ಒಬ್ಬಳದು ಮಾತ್ರ ಆಡಿದರೆ ಕೆಡುತ್ತದೆ. ಇದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಸೇತುವೆ ಇದೆ. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳು. ಬ್ರಿಟಿಷರ ಬ್ಯಾಂಡಿನಲ್ಲಿ ಕೇಳಿದ ಧಾಟಿಗಳಿಗೆ ಅವರು ಸಂಸ್ಕೃತ ಸಾಹಿತ್ಯ ಕೂಡಿಸಿದರು. ಎಲ್ಲ ಶಂಕರಾಭರಣದ ಸ್ವರ, ಗಮಕ ಇಲ್ಲವೆನ್ನುವಷ್ಟು ಕಡಿಮೆ. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರೇ ಅಲ್ಲವೇ ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದವರು? ಮಗಳಿಗೆ ಬಾಯಿಪಾಠ ಇರುವ ನಾಲ್ಕು ನೊಟ್ಟುಸ್ವರಗಳನ್ನು ಇಲ್ಲಿನ ಐದು ಗೆರೆಯ ಲಿಪಿಯಲ್ಲಿ ಬರೆಸಿ, ನೋಡಿ ನುಡಿಸಲು ಹೇಳಿ. ಕಿವಿಗೆ ಗೊತ್ತಿರುವುದನ್ನು ಕಣ್ಣು ಬೇಗ ಹಿಡಿಯುತ್ತದೆ. ನನ್ನ ಶಿಷ್ಯರು ಓದಲು ಕಲಿತದ್ದು ಹೀಗೆ.

ಅವಳ ಕಡೆಗೆ ಇರುವ ಬಲವನ್ನೂ ಹೇಳಬೇಕಲ್ಲ. ಆರು ವರ್ಷ ತಾಳ ಹಾಕಿದ ಮಗುವಿನ ಲಯ ಇಲ್ಲಿನ ಎಷ್ಟೋ ಮಕ್ಕಳಿಗಿಲ್ಲ. ಕೇಳಿದ್ದನ್ನು ತಕ್ಷಣ ನುಡಿಸಬಲ್ಲಳು. ಮನೋಧರ್ಮ, ಅಂದರೆ ಅಲ್ಲೇ ಕಲ್ಪಿಸಿ ನುಡಿಸುವುದು, ಅಭ್ಯಾಸ ಇದ್ದರೆ ಜಾಝ್ ಹೇಳಿಕೊಡುವ ಮೇಷ್ಟ್ರುಗಳ ಕಿವಿ ನೆಟ್ಟಗಾಗುತ್ತದೆ. ಈ ಶಾಲೆಯ ಜಾಝ್ ತುಂಬಾ ಹೆಸರಾದದ್ದು. ತುತ್ತೂರಿ ವಾದಕ ರಾಯ್ ಹಾರ್ಗ್ರೋವ್ ಇಲ್ಲಿನ ವಿದ್ಯಾರ್ಥಿ. ಗಾಯಕಿ ಎರಿಕಾ ಬಾಡು ಕೂಡ. ರವಿಶಂಕರರ ಮಗಳು ನೋರಾ ಜೋನ್ಸ್ ಓದಿದ್ದೂ ಇಲ್ಲಿಯೇ. ಆಕೆ ತಾಯಿಯ ಜೊತೆ ಟೆಕ್ಸಸ್‌ನಲ್ಲಿ ಬೆಳೆದವರು. ಹಿಡಿದದ್ದು ಸಿತಾರ್ ಅಲ್ಲ, ಪಿಯಾನೊ. 2003ರಲ್ಲಿ ಒಂದೇ ರಾತ್ರಿ 5 ಗ್ರ್ಯಾಮಿ ಪ್ರಶಸ್ತಿ ತೆಗೆದುಕೊಂಡರು. ಆ ಹೆಸರುಗಳನ್ನು ತೋರಿಸಿ ಮಗಳ ಮೇಲೆ ಭಾರ ಹಾಕಬೇಡಿ. ಅಲ್ಲಿ ಓದಿದವರಲ್ಲಿ ಹೆಸರು ಮಾಡದೆ ಒಳ್ಳೆಯ ಮೇಷ್ಟ್ರು, ವಕೀಲರು, ವೈದ್ಯರು ಆದವರೇ ಹೆಚ್ಚು.

ತಯಾರಿ ಎಲ್ಲಿಂದ ಶುರು? ಈಗಿನ ಮಿಡ್ಲ್ ಸ್ಕೂಲಿನಿಂದಲೇ. ಟೆಕ್ಸಸ್‌ನ ಎಷ್ಟೋ ಸಾಮಾನ್ಯ ಸರ್ಕಾರಿ ಶಾಲೆಗಳಲ್ಲೇ ಆರನೇ ಕ್ಲಾಸಿನಿಂದ ಆರ್ಕೆಸ್ಟ್ರಾ ಒಂದು ಪಾಠವಾಗಿ ಇರುತ್ತದೆ, ಬೆಲ್ಲಿಗೂ ಬೆಲ್ಲಿಗೂ ನಡುವೆ. ಅದರ ಡೈರೆಕ್ಟರನ್ನು ಹೋಗಿ ನೋಡಿ. ಮಗಳು ಆರು ವರ್ಷ ಬೇರೆ ಶೈಲಿಯಲ್ಲಿ ನುಡಿಸಿದ್ದಾಳೆ, ಓದಲು ಬರುವುದಿಲ್ಲ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅವರು ಅವಳನ್ನು ಆರಂಭದವರ ಜೊತೆ ಕೂರಿಸಬಹುದು. ಅವಳಿಗೆ ಬೇಜಾರಾಗುತ್ತದೆ. ಆಗಲಿ, ಒಂದು ಟರ್ಮ್ ಸಾಕು. ಎಂಟನೇ ಕ್ಲಾಸಿನ ಚಳಿಗಾಲದಲ್ಲಿ ಅರ್ಜಿ ಮತ್ತು ಆಡಿಷನ್, ಒಂಬತ್ತನೇ ಕ್ಲಾಸು ಅದರ ಮುಂದಿನ ಆಗಸ್ಟ್‌ನಲ್ಲಿ. ಹಾಗಾಗಿ ಈಗಲೇ ಹೋಗಿ.

ಈ ದಾರಿಯಲ್ಲಿ ಇನ್ನೊಂದು ಲಾಭ ಇದೆ. ಸೀಟು ಸಿಗದಿದ್ದರೂ ಅವಳ ಕೈ ಖಾಲಿ ಇರುವುದಿಲ್ಲ. ನಿಮ್ಮ ಕಡೆಯ ಹೈಸ್ಕೂಲುಗಳ ಆರ್ಕೆಸ್ಟ್ರಾಗಳು ಬಹಳ ಚೆನ್ನಾಗಿವೆ. ರಾಜ್ಯಮಟ್ಟದಲ್ಲಿ ಆಲ್-ಸ್ಟೇಟ್ ಅಂತ ಒಂದು ಆಯ್ಕೆ ಇದೆ. ಹಂತ ಹಂತವಾಗಿ ಗೆದ್ದ ಮಕ್ಕಳು ಪ್ರತಿ ಫೆಬ್ರವರಿ ಸ್ಯಾನ್ ಆಂಟೋನಿಯೋದಲ್ಲಿ ಸೇರಿ ನುಡಿಸುತ್ತಾರೆ. ಮ್ಯಾಗ್ನೆಟ್ ಶಾಲೆಗೆ ಹೋಗದೆಯೇ ಅಲ್ಲಿಗೆ ತಲುಪಿದ ನಮ್ಮ ಮಕ್ಕಳನ್ನು ನೋಡಿದ್ದೇನೆ.

ಹಾಗಾದರೆ ಮ್ಯಾಗ್ನೆಟ್ ಶಾಲೆಯಲ್ಲಿ ಸಿಗುವ ಹೆಚ್ಚಿನದು ಏನು? ನನ್ನ ಪ್ರಕಾರ, ಜೊತೆಗಾರರು. ಊಟದ ಬೆಲ್ಲಿನಲ್ಲಿ ಒಬ್ಬಳು ಕಾರಿಡಾರಿನಲ್ಲಿ ಕಾಲು ಚಾಚಿ ಸ್ಟ್ರೆಚ್ ಮಾಡುತ್ತಿರುತ್ತಾಳೆ. ಇನ್ನೊಬ್ಬ ಅವಳ ಚಿತ್ರ ಬರೆಯುತ್ತಿರುತ್ತಾನೆ. ಮೂಲೆಯಲ್ಲಿ ಯಾರೋ ನಾಟಕದ ಮಾತು ಒಪ್ಪಿಸುತ್ತಿರುತ್ತಾರೆ. ಸುತ್ತ ಇರುವವರೆಲ್ಲ ಇದನ್ನೇ ಮಾಡುತ್ತಿರುವಾಗ ‘ನೀನ್ಯಾಕೆ ಇಷ್ಟೊಂದು ಪ್ರಾಕ್ಟೀಸ್ ಮಾಡ್ತೀಯ’ ಅಂತ ಯಾರೂ ಕೇಳುವುದಿಲ್ಲ. ಹದಿನಾಲ್ಕು ವಯಸ್ಸಿಗೆ ಅದು ಸಣ್ಣ ವಿಷಯ ಅಲ್ಲ. ಶಾಲೆ ಇರುವ ಜಾಗವೂ ಅಂಥದ್ದು. ಡಲ್ಲಾಸ್ ಸಿಂಫನಿಯ ಮೈಯರ್ಸನ್ ಸಭಾಂಗಣ, ಆಪೆರಾ ಮನೆ, ನ್ಯಾಶರ್ ಶಿಲ್ಪ ಕೇಂದ್ರ, ಕಲಾ ಮ್ಯೂಸಿಯಂ, ಎಲ್ಲ ನಡೆದು ಹೋಗುವ ದೂರದಲ್ಲಿ.

ಆದ್ದರಿಂದ ಮನೆಯಲ್ಲಿ ಸೀಟಿನ ಲೆಕ್ಕ ಹಾಕುವ ಮೊದಲು ಮಗಳನ್ನು ಒಂದು ಮಾತು ಕೇಳಿ. ವೇದಿಕೆ ಇಷ್ಟವೋ, ಅಭ್ಯಾಸ ಇಷ್ಟವೋ? ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಚಪ್ಪಾಳೆ ಬಿದ್ದಾಗ ಎಲ್ಲ ಮಕ್ಕಳಿಗೂ ಖುಷಿಯೇ. ಮಂಗಳವಾರ ಸಂಜೆ ಒಂದೇ ಸಾಲನ್ನು ನಲವತ್ತು ಸಲ ನುಡಿಸುವಾಗ ಹೇಗಿರುತ್ತಾಳೆ ಅಂತ ನೋಡಿ. ನೀವು ಹೇಳದೆ ಪೆಟ್ಟಿಗೆ ತೆಗೆಯುತ್ತಾಳಾ? ತೆಗೆಯುತ್ತಾಳೆ ಅಂದರೆ ನಾನು ಅವಳ ಪಕ್ಷ. ನೀವು ದಿನಾ ನೆನಪಿಸಬೇಕು ಅಂದರೆ, ಈ ಶಾಲೆಯ ಉದ್ದದ ದಿನಗಳು ಅವಳನ್ನು ಸುಸ್ತು ಮಾಡುತ್ತವೆ.

ಇದೇ ಶಾಲೆಗೆ ಭರತನಾಟ್ಯದ ಮಕ್ಕಳನ್ನು ಕಳಿಸಬೇಕು ಅಂತಿರುವ ತಾಯಂದಿರೂ ಇದನ್ನು ಓದುತ್ತಿರಬಹುದು. ಒಂದೆರಡು ಮಾತು. ನೃತ್ಯದ ಆಡಿಷನ್ ಹೆಚ್ಚಾಗಿ ಬ್ಯಾಲೆ ಮತ್ತು ಮಾಡರ್ನ್ ಪಾಠದ ರೂಪದಲ್ಲಿರುತ್ತದೆ. ಅರೆಮಂಡಿಯಲ್ಲಿ ಪಳಗಿದ ತೊಡೆ ಅಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ನಮ್ಮ ಅಡವು ನೆಲವನ್ನು ತಟ್ಟುತ್ತದೆ, ಬ್ಯಾಲೆ ನೆಲದಿಂದ ಮೇಲೇಳುತ್ತದೆ. ಒಂದು ವರ್ಷವಾದರೂ ಬ್ಯಾಲೆ ಕ್ಲಾಸಿಗೆ ಕಳಿಸಿ.

ಓಡಾಟದ ವಿಷಯವನ್ನೂ ಈಗಲೇ ಯೋಚಿಸಿ. ಶಾಲೆ ಇರುವುದು ಡೌನ್‌ಟೌನಿನಲ್ಲಿ, ಪರ್ಲ್ ಸ್ಟೇಷನ್ ಹತ್ತಿರ. ಪ್ಲೇನೋದಿಂದ ಡಾರ್ಟ್ ರೈಲು ಅಲ್ಲಿಗೆ ಹೋಗುತ್ತದೆ. ಹೊರಗಿನಿಂದ ಬಂದವರಿಗೆ ಸೀಟು ಸಿಕ್ಕರೂ ಮಗುವನ್ನು ತಲುಪಿಸುವುದು ಪೋಷಕರ ಕೆಲಸ. ರಿಹರ್ಸಲ್ ಇದ್ದ ದಿನ ಮನೆಗೆ ಬರುವಾಗ ಕತ್ತಲಾಗಿರುತ್ತದೆ.

ಅವಳ ಪಿಟೀಲಿನ ಗುರುಗಳಿಗೆ ಈ ವಿಷಯವನ್ನು ಈ ವಾರವೇ ಹೇಳಿ. ಅವರು ಬೇರೆಯವರಿಂದ ಕೇಳಿ ನೊಂದುಕೊಳ್ಳಬಾರದು. ಹೊಸ ಶೈಲಿ ಕಲಿಯುತ್ತಾಳೆ ಅಂತ ಹಳೆಯದನ್ನು ನಿಲ್ಲಿಸಬೇಡಿ, ವಾರಕ್ಕೆ ಒಂದು ಪಾಠವಾದರೂ ಇರಲಿ. ನೊಟ್ಟುಸ್ವರಗಳನ್ನು ಐದು ಗೆರೆಯಲ್ಲಿ ಬರೆಸುವ ಕೆಲಸಕ್ಕೆ ಗುರುಗಳನ್ನೂ ಆರ್ಕೆಸ್ಟ್ರಾ ಡೈರೆಕ್ಟರನ್ನೂ ಒಂದು ಸಲ ಫೋನಿನಲ್ಲಿ ಮಾತಾಡಿಸಿ. ಡಿಸೆಂಬರ್‌ನಲ್ಲಿ ಆ ಶಾಲೆಯ ಮಕ್ಕಳ ಕಾರ್ಯಕ್ರಮ ಇದ್ದರೆ ಯಜಮಾನರನ್ನೂ ಕರೆದುಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ಕೂರಿ. ಅಲ್ಲಿಂದ ಮಕ್ಕಳ ಬೆರಳು ಕಾಣುತ್ತದೆ.